ದಿನದ ಓಡಾಟಕ್ಕೆ ಅಜ್ಜನ ಕಾರು

ಅಜ್ಜನೋ ತಂದೆಯೋ ಕೊಂಡ ಕಾರೊಂದು ಅಂಗಳದಲ್ಲಿ ನಿಂತಿದೆ. ಅದನ್ನು ಏನು ಮಾಡಬೇಕೆಂಬುದು ನಮ್ಮ ಎಷ್ಟೋ ಕುಟುಂಬಗಳಲ್ಲಿ ಊಟದ ಹೊತ್ತಿನ ಚರ್ಚೆಯಾಗಿದೆ. ಮಾರಿದರೆ ಗುಜರಿಯ ಬೆಲೆ. ಇಟ್ಟುಕೊಂಡರೆ ವಿಮೆ, ಶುಲ್ಕ, ರಿಪೇರಿಗಳ ಹೊರೆ. ಓಡಿಸೋಣವೆಂದರೆ ನಡುದಾರಿಯಲ್ಲಿ ಕೈಕೊಟ್ಟೀತೆಂಬ ಅಂಜಿಕೆ. ಹಿರಿಯರು "ಇರಲಿ ಬಿಡಿ" ಎನ್ನುತ್ತಾರೆ, ಮಕ್ಕಳು "ಹೊಸದು ತೆಗೆದುಕೊಳ್ಳೋಣ" ಎನ್ನುತ್ತಾರೆ. ಎರಡೂ ಮಾತುಗಳ ನಡುವೆ ಕಾರು ಮಾತ್ರ ಚಪ್ಪರದ ಕೆಳಗೆ ಧೂಳು ಹೊದ್ದು ನಿಂತೇ ಇರುತ್ತದೆ. ಹೀಗೆ ನಿಲ್ಲಿಸುವುದೊಂದೇ ಎಲ್ಲಕ್ಕಿಂತ ಕೆಟ್ಟ ದಾರಿ ಎಂಬುದು ನನ್ನ ಅಭಿಪ್ರಾಯ. ಹಳೆಯ ಕಾರು ಓಡಿದರೆ ಉಳಿಯುತ್ತದೆ, ನಿಂತರೆ ಹಾಳಾಗುತ್ತದೆ. ಆದರೆ ಅದನ್ನು ಓಡಿಸುವ ಮನೆಯವರು ಅದರ ಶಕ್ತಿಯನ್ನೂ ಮಿತಿಯನ್ನೂ ಸರಿಯಾಗಿ ಅರಿತಿರಬೇಕು.

ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮತ್ತೋಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವೇದಾವತಿಯ ಸೀಮೆ, ತೆಂಗಿನ ತೋಟಗಳು, ಮಳೆಗಾಲ ಮುಗಿದೊಡನೆ ಏಳುವ ಕೆಮ್ಮಣ್ಣಿನ ಧೂಳು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಇವುಗಳಿಗಾಗಿ ಹೊಸದುರ್ಗಕ್ಕೆ ಹೋಗಿಬರುವುದು, ಜಿಲ್ಲೆಯ ಕೆಲಸವಿದ್ದರೆ ಚಿತ್ರದುರ್ಗಕ್ಕೆ, ಕೆಲವೊಮ್ಮೆ ಹಿರಿಯೂರಿಗೆ. ಇಂತಹ ಊರಿನ ನಿತ್ಯದ ಪ್ರಯಾಣವು ಬೆಂಗಳೂರಿನ ನಿತ್ಯದ ಪ್ರಯಾಣದಂತಲ್ಲ. ಹೆಜ್ಜೆಗೊಂದು ಸಿಗ್ನಲ್ ಇಲ್ಲ, ಗಂಟೆಗಟ್ಟಲೆ ಕ್ಲಚ್ಚನ್ನು ತುಳಿದು ಕಾಯಬೇಕಾಗಿಲ್ಲ. ದೂರ ಸಾಧಾರಣ, ದಾರಿ ಪರಿಚಿತ, ವೇಗ ಮಿತ. ಹಳೆಯ ಕಾರಿಗೆ ಒಗ್ಗುವುದು ಇಂತಹ ರಸ್ತೆಯೇ.

ಮತ್ತೋಡಿನ ಹೆಸರೆತ್ತಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಈ ಊರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಗಾಜಿನ ಕಸುಬನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಇಂದು ಆ ಕುಲುಮೆಗಳಿಲ್ಲ. ಕುಲುಮೆ ಆರಿದ ಮೇಲೆ ಅದನ್ನು ಊದುತ್ತಿದ್ದ ಕೈಗಳ ವಿದ್ಯೆಯೂ ಊರನ್ನು ಬಿಟ್ಟುಹೋಯಿತು. ಹಳೆಯ ಕಾರುಗಳ ವಿಷಯದಲ್ಲಿಯೂ ಈಗ ಆಗುತ್ತಿರುವುದು ಇದೇ. ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲ, ಕಿವಿಗೊಟ್ಟು ಟ್ಯಾಪೆಟ್ಟಿನ ಸದ್ದನ್ನು ಅಳೆಯಬಲ್ಲ ಮೇಸ್ತ್ರಿಗಳು ಇನ್ನೂ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಇದ್ದಾರೆ. ಅವರ ಬಳಿಗೆ ಹೋಗುವ ಕಾರುಗಳಿರುವವರೆಗೆ ಮಾತ್ರ ಅವರ ವಿದ್ಯೆಯೂ ಇರುತ್ತದೆ.

ಯಾವ ಕಾರುಗಳ ಮಾತಿದು?

ನಮ್ಮ ಕಡೆ ಹಳೆಯ ಕಾರೆಂದರೆ ಮುಖ್ಯವಾಗಿ ಎರಡೇ ಹೆಸರುಗಳು. ಮೊದಲನೆಯದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ಬಾಗಿಲು ಮುಚ್ಚುವವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ಮೈಕಟ್ಟು ಬಹುತೇಕ ಹಾಗೆಯೇ ಉಳಿಯಿತು. ಎರಡನೆಯದು ಜನರ ಬಾಯಲ್ಲಿ ಫಿಯಟ್ ಎಂದೇ ಉಳಿದಿರುವ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ ಈ ಕಾರು 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಕೆಲವು ಮನೆಗಳಲ್ಲಿ ಇತ್ತು. ಇನ್ನು 1983ರ ಡಿಸೆಂಬರ್ 14ರಂದು ಮೊದಲ ಬಾರಿಗೆ ಗ್ರಾಹಕರ ಕೈಸೇರಿದ ಮಾರುತಿ 800. ಅದರ ಮೊದಲ ತಲೆಮಾರಿನ ಕಾರುಗಳಿಗೂ ಈಗ ನಲವತ್ತು ದಾಟಿದೆ. ಅದನ್ನು ಹಳೆಯ ಕಾರೆಂದು ಕರೆಯಲು ನಮ್ಮ ವಯಸ್ಸಿನವರಿಗೆ ತುಸು ಸಂಕೋಚವೇ ಆಗುತ್ತದೆ!

ಆ ದಿನಗಳಲ್ಲಿ ಕಾರು ಕೊಳ್ಳುವುದೆಂದರೆ ಇಡೀ ಮನೆತನದ ನಿರ್ಧಾರ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಲಾಲ್ ಬಹಾದೂರ್ ಶಾಸ್ತ್ರಿಯವರ ಮನೆಯ ಕಥೆಯನ್ನು ಹಿರಿಯ ಓದುಗರು ಬಲ್ಲರು. ಪ್ರಧಾನಿಯಾಗಿದ್ದಾಗ, 1964ರಲ್ಲಿ, ಮನೆಯವರ ಒತ್ತಾಯಕ್ಕೆ ಅವರೊಂದು ಫಿಯಟ್ ಕೊಂಡರು. ಬೆಲೆ 12,000 ರೂಪಾಯಿ. ಕೈಯಲ್ಲಿದ್ದ ಹಣ ಸಾಲದೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಹಾಗೆಯೇ ಉಳಿದಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ಇಂದು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಅಂಗಳದ ಕಾರನ್ನು ಮಾರಲು ಹಿರಿಯರು ಹಿಂಜರಿಯುವುದು ಕಬ್ಬಿಣದ ಮೇಲಿನ ಮೋಹದಿಂದಲ್ಲ, ಅದರ ಹಿಂದೆ ಇಂತಹದೊಂದು ಲೆಕ್ಕ ಪ್ರತಿ ಮನೆಯಲ್ಲಿಯೂ ಇರುತ್ತದೆ ಎಂಬುದನ್ನು ಕಿರಿಯರು ಅರಿಯಬೇಕು.

ಅಂಬಾಸಿಡರ್ ಏಕೆ ನಮ್ಮ ಹಳ್ಳಿಗಾಡಿಗೆ ಒಗ್ಗಿತು ಎಂಬುದಕ್ಕೆ ಕಾರಣಗಳು ಸರಳ. ಎತ್ತರದ ಸೀಟು, ಸೀರೆ ಉಟ್ಟ ಹೆಂಗಸರೂ ಮಂಡಿನೋವಿನ ವೃದ್ಧರೂ ಬಾಗದೆ ಹತ್ತಿ ಕೂರಬಹುದಾದ ಬಾಗಿಲು; ಹಿಂದೆ ಪಟ್ಟಿ ಸ್ಪ್ರಿಂಗು, ಹೊಂಡಕ್ಕೆ ಇಳಿದರೂ ತಳ ತಾಗದಷ್ಟು ಎತ್ತರ. ಮದುವೆಯ ದಿಬ್ಬಣವಿರಲಿ, ತರಳಬಾಳು ಹುಣ್ಣಿಮೆಗೆ ಊರವರೆಲ್ಲ ಹೊರಡುವಾಗಲಿ, ಐವರ ಕಾರಿನಲ್ಲಿ ಎಂಟು ಜನ ಕೂತು ಹೋದದ್ದನ್ನು ನೆನೆಯದ ಮನೆ ಇಲ್ಲ. ಅದು ಸರಿಯಾದ ರೂಢಿಯಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಬಾಗಿಲು ತೆರೆದರೆ ಒಳಗೆ ಏನಿದೆಯೆಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಇಂದಿನ ಕಾರು ಕೆಟ್ಟರೆ ಕಂಪ್ಯೂಟರ್ ಹಚ್ಚಿ ಕೇಳಬೇಕು. ಅಂದಿನ ಕಾರು ತನ್ನ ಕಾಯಿಲೆಯನ್ನು ಸದ್ದಿನಲ್ಲಿ, ವಾಸನೆಯಲ್ಲಿ, ಹೊಗೆಯ ಬಣ್ಣದಲ್ಲಿ ತಾನೇ ಹೇಳುತ್ತದೆ. ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿದೆ, ಎಂಜಿನ್ ಕಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಇಳಿಯುತ್ತಿದೆ.

ನಿಂತ ಕಾರಿನ ಕೇಡು

"ಹಳೆಯ ಕಾರು, ಪಾಪ, ಹಬ್ಬಕ್ಕೊಮ್ಮೆ ಹೊರತೆಗೆದರೆ ಸಾಕು" ಎಂಬ ಕರುಣೆ ಕಾರಿಗೆ ಶತ್ರುವೇ ಸರಿ. ನಿಂತ ಕಾರಿನಲ್ಲಿ ಆಗುವ ಅನಾಹುತಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಎಂಜಿನ್ ಆಯಿಲ್ ತಳಕ್ಕೆ ಇಳಿದು, ಸಿಲಿಂಡರಿನ ಗೋಡೆಗಳು ಒಣಗಿ, ತೇವಕ್ಕೆ ತುಕ್ಕು ಕೂರುತ್ತದೆ. ಬ್ರೇಕಿನ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ಹೀರಿಕೊಳ್ಳುವ ಸ್ವಭಾವದ್ದು. ನಿಂತಲ್ಲೇ ನಿಂತ ಕಾರಿನ ಚಕ್ರಗಳ ಒಳಗಿನ ಬ್ರೇಕ್ ಸಿಲಿಂಡರುಗಳು ಒಳಗಿಂದಲೇ ತುಕ್ಕು ಹಿಡಿದು ಬಿಗಿಯುತ್ತವೆ. ಒಂದೇ ಭಂಗಿಯಲ್ಲಿ ಭಾರ ಹೊತ್ತ ಟೈರು ತಳದಲ್ಲಿ ಚಪ್ಪಟೆಯಾಗುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಕ್ಲಚ್ ಪ್ಲೇಟು ಅಂಟಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಹಳಸಿ ಅಂಟಾಗಿ ಕಾರ್ಬುರೇಟರಿನ ಸೂಜಿಮೊನೆಯಂತಹ ರಂಧ್ರಗಳನ್ನು ಮುಚ್ಚುತ್ತದೆ. ಇವೆಲ್ಲ ಸಾಲದೆಂಬಂತೆ, ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿಗಳು ಬಿಡುವುದಿಲ್ಲ. ಕಣದ ಪಕ್ಕದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನವೂ ಇಪ್ಪತ್ತು ನಿಮಿಷವಾದರೂ ಸರಿಯಾಗಿ ಕಾಯುವಷ್ಟು ಓಡಿದ ಎಂಜಿನ್ನಿನಲ್ಲಿ ಇವುಗಳಲ್ಲಿ ಬಹುಪಾಲು ತಲೆಯೇ ಎತ್ತುವುದಿಲ್ಲ. ಆಯಿಲ್ ಎಲ್ಲ ಕಡೆ ಹರಿಯುತ್ತದೆ, ಒಳಗಿನ ತೇವ ಆವಿಯಾಗಿ ಹೋಗುತ್ತದೆ, ಬ್ಯಾಟರಿ ತುಂಬುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಲಾಭವೆಂದರೆ, ನಿತ್ಯ ಓಡಿಸುವವನಿಗೆ ನಿನ್ನೆಯ ಸದ್ದಿಗೂ ಇಂದಿನ ಸದ್ದಿಗೂ ಇರುವ ಭೇದ ತಿಳಿಯುತ್ತದೆ. ಆರು ತಿಂಗಳಿಗೊಮ್ಮೆ ಕೀಲಿ ತಿರುಗಿಸುವವನಿಗೆ ಎಲ್ಲ ಸದ್ದೂ ಒಂದೇ. ಮನೆಯಲ್ಲಿ ಹಸು ಕಟ್ಟಿದವರಿಗೆ ಈ ಮಾತು ಬೇಗ ಅರ್ಥವಾದೀತು.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ಯಾತ್ರೆಗೆ ಹೋದ ನಮ್ಮವರು ಅನೇಕರು ನೋಡಿ ಬೆರಗಾಗಿದ್ದಾರೆ. ಅಲ್ಲಿ ಅವುಗಳನ್ನು ಕಾಪಾಡಲು ಜನರಿದ್ದಾರೆ, ವ್ಯವಸ್ಥೆಯಿದೆ. ಮನೆಯ ಅಂಗಳವನ್ನು ನಾವು ಸಂಗ್ರಹಾಲಯ ಮಾಡಲಾರೆವು. ನಮ್ಮಿಂದ ಆಗುವುದು ಬಳಕೆಯ ಮೂಲಕ ಉಳಿಸುವುದು ಮಾತ್ರ. ಇದಕ್ಕೆ ದೊಡ್ಡ ಸಾಕ್ಷಿ ಮುಂಬಯಿ. ಅಲ್ಲಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಹಗಲಿರುಳೂ ಓಡಿದವು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿಯಿದ್ದುದರಿಂದ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿಯು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಅವುಗಳ ಓಟವನ್ನು ನಿಲ್ಲಿಸಿದ್ದು ಕಾನೂನೇ ಹೊರತು ಎಂಜಿನ್ನಲ್ಲ. ಕ್ಯೂಬಾ ದೇಶದ ಕಥೆ ಇನ್ನೂ ಸೋಜಿಗದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕವು ವ್ಯಾಪಾರ ದಿಗ್ಬಂಧನ ಹೇರಿದ ಮೇಲೆ ಅಲ್ಲಿಗೆ ಹೊಸ ಅಮೆರಿಕನ್ ಕಾರುಗಳಾಗಲಿ ಬಿಡಿಭಾಗಗಳಾಗಲಿ ಬರುವುದು ನಿಂತಿತು. ಅಲ್ಲಿಯವರು 1950ರ ದಶಕದ ಕಾರುಗಳಿಗೆ ಸಿಕ್ಕ ಎಂಜಿನ್ನು, ಸಿಕ್ಕ ಗೇರುಪೆಟ್ಟಿಗೆ ಜೋಡಿಸಿ ಬಾಡಿಗೆ ಟ್ಯಾಕ್ಸಿಗಳಾಗಿ ಓಡಿಸುತ್ತ ಬಂದರು. ಅಜ್ಜನ ಕಾರಿನಲ್ಲಿ ಮೊಮ್ಮಗ ಹೊಟ್ಟೆ ಹೊರೆಯುವ ದೇಶವದು.

ಮನೆಯ ಲೆಕ್ಕ

ಗೃಹಿಣಿಯರು ಮೊದಲು ಕೇಳುವುದು ಖರ್ಚಿನ ಪ್ರಶ್ನೆಯನ್ನು, ಕೇಳಬೇಕಾದದ್ದೂ ಅದನ್ನೇ. ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳಲ್ಲಿ 25 ದಿನ ಓಡುವ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಒಟ್ಟು 1,000 ಕಿಲೋಮೀಟರ್. ಲೆಕ್ಕದ ಅನುಕೂಲಕ್ಕೆ ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ, ಲೀಟರಿಗೆ 10 ಕಿಲೋಮೀಟರ್ ಕೊಡುವ ಅಂಬಾಸಿಡರಿಗೆ ತಿಂಗಳಿಗೆ 10,000 ರೂಪಾಯಿ ಬೇಕು. 18 ಕೊಡುವ ಹೊಸ ಕಾರಿಗೆ ಸುಮಾರು 5,550 ಸಾಕು. ಹಳೆಯದಕ್ಕೆ ತಿಂಗಳಿಗೆ 4,450 ರೂಪಾಯಿ ಹೆಚ್ಚು. ಅದರ ಮೇಲೆ ರಿಪೇರಿಗೆಂದು ತಿಂಗಳಿಗೆ ಎರಡು ಮೂರು ಸಾವಿರ ಬೇರೆ ಎತ್ತಿಡಬೇಕು. ಒಂದು ತಿಂಗಳು ಖರ್ಚಾಗದಿದ್ದರೆ ಅದನ್ನು ಉಳಿತಾಯವೆಂದು ಬಗೆಯಬಾರದು, ಮುಂದಿನ ತಿಂಗಳಿನ ರೇಡಿಯೇಟರ್ ಅದನ್ನು ಕೇಳುತ್ತದೆ.

ಇನ್ನೊಂದು ತಟ್ಟೆಯಲ್ಲಿ ಏನಿದೆ? 7 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 14,530 ರೂಪಾಯಿ. ಐದು ವರ್ಷದಲ್ಲಿ ಬಡ್ಡಿಯೇ 1 ಲಕ್ಷ 72 ಸಾವಿರದಷ್ಟು. ಹಾಗಾಗಿ ಕೈಯಲ್ಲಿರುವ, ಸುಸ್ಥಿತಿಯ ಹಳೆಯ ಕಾರು ಮೊದಲ ಐದು ವರ್ಷ ಅಗ್ಗವೇ. ಆದರೆ ಆಮೇಲೆ ಹೊಸ ಕಾರು ಸಾಲ ತೀರಿಸಿಕೊಂಡು ಮನೆಯದಾಗುತ್ತದೆ, ಹಳೆಯದು ಅಷ್ಟೇ ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ದಿನಕ್ಕೆ 100 ಕಿಲೋಮೀಟರ್ ಓಡುವವರಿಗೆ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಅಂತಹವರು ಹಳೆಯ ಕಾರಿನ ಆಸೆಯನ್ನು ಬಿಡುವುದೇ ಲೇಸು. ಇನ್ನು ಕೇವಲ ಮಿತವ್ಯಯವೇ ಗುರಿಯಾದರೆ ಬಸ್ಸಿಗೆ ಸಾಟಿ ಯಾವುದೂ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಹಳೆಯ ಕಾರನ್ನು ಗುಜರಿ ಬೆಲೆಗೆ ಹೊಸದಾಗಿ ಕೊಂಡು, ರಿಪೇರಿ ಮಾಡಿಸಿ ಓಡಿಸುತ್ತೇನೆನ್ನುವ ಉತ್ಸಾಹಿ ತರುಣರ ಲೆಕ್ಕ ಬೇರೆಯೇ. ಟಿಂಕರಿಂಗ್ ಮತ್ತು ಬಣ್ಣದ ಖರ್ಚಿಗೆ ತಳವಿಲ್ಲ. ಅದನ್ನು ಹವ್ಯಾಸವೆಂದು ಕರೆಯಿರಿ, ಉಳಿತಾಯವೆಂದು ಮನೆಯವರಿಗೆ ಹೇಳಬೇಡಿ.

ಮಕ್ಕಳನ್ನು ಕೂರಿಸುವ ಮುನ್ನ

ಇಲ್ಲಿ ಮಾತು ಮೃದುವಾಗಿರಲು ಸಾಧ್ಯವಿಲ್ಲ. ಅಂಬಾಸಿಡರಿನ ದಪ್ಪ ತಗಡನ್ನು ನೋಡಿ "ಇದು ಟ್ಯಾಂಕರಿನಂತೆ ಗಟ್ಟಿ, ಏನೂ ಆಗದು" ಎನ್ನುವವರಿದ್ದಾರೆ. ಇದು ಪೂರ್ತಿ ತಪ್ಪು ತಿಳಿವಳಿಕೆ. ಢಿಕ್ಕಿಯಾದಾಗ ಇಂದಿನ ಕಾರಿನ ಮುಂಭಾಗ ತಾನೇ ಮುದುಡಿ ಹೊಡೆತವನ್ನು ನುಂಗಿಕೊಳ್ಳುವಂತೆ ರಚಿತವಾಗಿರುತ್ತದೆ. ಮುದುಡದ ಗಟ್ಟಿ ಕಾರು ಆ ಹೊಡೆತವನ್ನು ಒಳಗೆ ಕೂತವರ ಎದೆಗೆ, ತಲೆಗೆ ದಾಟಿಸುತ್ತದೆ. ಹಳೆಯ ಕಾರಿನ ಸ್ಟೀರಿಂಗ್ ದಂಡವು ನೇರ ಉಕ್ಕಿನ ಸರಳು, ಓಡಿಸುವವನ ಎದೆಗೆ ಗುರಿಯಿಟ್ಟಂತೆ ಇರುತ್ತದೆ. ಗಾಳಿಚೀಲವಿಲ್ಲ. ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದೇ 1994ರಲ್ಲಿ ತಯಾರಾದ ಕಾರುಗಳಿಂದೀಚೆಗೆ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಬೆಲ್ಟನ್ನು ಕಟ್ಟಲು ಜಾಗವೇ ಇಲ್ಲ.

ಬೆಲ್ಟು ಹಾಕಿಸಬಹುದು, ಹಾಕಿಸಲೇಬೇಕು. ಆದರೆ ತಳದ ತಗಡಿಗೆ ಒಂದು ತೂತು ಕೊರೆದು ಬೋಲ್ಟು ಬಿಗಿಸಿದರೆ ಅದು ಬೆಲ್ಟಲ್ಲ, ಮೋಸ. ತುಕ್ಕು ತಿಂದ ತಗಡು ಒಂದೇ ಎಳೆತಕ್ಕೆ ಹರಿಯುತ್ತದೆ. ತಗಡಿನ ಸ್ಥಿತಿ ಪರೀಕ್ಷಿಸಿ, ಗಟ್ಟಿ ಉಕ್ಕಿನ ಪಟ್ಟಿಯನ್ನು ಬೆಸುಗೆ ಹಾಕಿಸಿ, ಅದಕ್ಕೆ ಸರಿಯಾದ ಬೋಲ್ಟಿನಿಂದ ಬೆಲ್ಟನ್ನು ಕಟ್ಟಿಸಬೇಕು. ಎಂಟು ಜನರನ್ನು ತುಂಬುವ ಹಳೆಯ ವೈಭವವನ್ನು ಮರೆತುಬಿಡಿ. ಮುಂದಿನ ಉದ್ದ ಸೀಟಿನ ನಡುವೆ ಮಗುವನ್ನು ನಿಲ್ಲಿಸಿಕೊಂಡು ಹೋಗುವ ಪದ್ಧತಿಯನ್ನಂತೂ ಯಾವ ಅಜ್ಜಿ ಹೇಳಿದರೂ ಒಪ್ಪಬೇಡಿ.

ಬ್ರೇಕಿನ ವಿಷಯ ಇನ್ನೂ ಗಂಭೀರ. ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ನಾಲ್ಕಕ್ಕೂ ಆಯಿಲ್ ಹೋಗುವುದು ಒಂದೇ ಮಾರ್ಗದಲ್ಲಿ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸುವುದು, ರಬ್ಬರ್ ಕೊಳವೆಗಳನ್ನು ಬಿರುಕು ಕಾಣುವ ಮೊದಲೇ ತೆಗೆಸುವುದು, ಹ್ಯಾಂಡ್ ಬ್ರೇಕು ಇಳಿಜಾರಿನಲ್ಲಿ ಕಾರನ್ನು ನಿಜವಾಗಿ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳುವುದು, ಈ ಮೂರರಲ್ಲಿ ಜಿಪುಣತನ ಸಲ್ಲದು. ಮಳೆಯಲ್ಲಿ ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೊಕ್ಕು ಬ್ರೇಕು ಹಿಡಿಯದಾಗುತ್ತದೆ. ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರಾಗಿ ಒತ್ತಿ ಒಣಗಿಸಿಕೊಂಡೇ ಮುಂದೆ ಹೋಗಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯನ್ನು ಓದಲು ಕಲಿಯಿರಿ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಏಳೆಂಟು ವರ್ಷ ದಾಟಿದ ಟೈರು ಎಷ್ಟೇ ಹೊಸದಾಗಿ ಕಂಡರೂ ಅದನ್ನು ನಂಬಬಾರದು.

ದಾರಿಯನ್ನೂ ಆರಿಸಿಕೊಳ್ಳಬೇಕು. ಮತ್ತೋಡಿನಿಂದ ಹೊಸದುರ್ಗಕ್ಕೆ ಹಗಲು ಹೊತ್ತಿನಲ್ಲಿ 50ರ ವೇಗದಲ್ಲಿ ಹೋಗಿಬರುವುದು ಒಂದು ಬಗೆ. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಗೆ ರಾತ್ರಿ ಹೊತ್ತು, ಮಂಕು ದೀಪದ ಹಳೆಯ ಕಾರಿನಲ್ಲಿ, ಸಂಸಾರ ಸಮೇತ ಇಳಿಯುವುದು ಇನ್ನೊಂದು ಬಗೆ. ಮೊದಲನೆಯದು ವಿವೇಕ, ಎರಡನೆಯದು ದುಡುಕು. ಹಿಂದಿನ ದೀಪಗಳು ದೂರಕ್ಕೆ ಕಾಣದ ಕಾರಿಗೆ ಹಿಂದಿನಿಂದ ಬರುವ ಲಾರಿಯೇ ಮೃತ್ಯು. ದೂರದ ಊರಿಗೆ, ರಾತ್ರಿಯ ಪಯಣಕ್ಕೆ, ಬಾಣಂತಿ-ಕೂಸುಗಳಿದ್ದಾಗ ಬೇರೆ ವಾಹನ ಮಾಡಿಕೊಳ್ಳಿ. ಅದರಿಂದ ಅಜ್ಜನ ಕಾರಿಗೆ ಅವಮಾನವೇನೂ ಆಗದು.

ಕಾಗದಪತ್ರಗಳು

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ. ಇದಕ್ಕೆ ಕಾರನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ನಮ್ಮ ಜಿಲ್ಲೆಯ ಕೆಎ-16ರವರಿಗೆ ಅದು ಚಿತ್ರದುರ್ಗ. ಹಿಂದೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತಿದ್ದ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಅವಧಿ ಮೀರಿದರೆ ತಡವಾದ ಪ್ರತಿ ತಿಂಗಳಿಗೂ ದಂಡವಿದೆ. ಆದ್ದರಿಂದ ನೋಂದಣಿ ಪುಸ್ತಕದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು. ವಾಹನ ಅಜ್ಜನ ಹೆಸರಿನಲ್ಲಿಯೇ ಇದ್ದರೆ, ವಾರಸುದಾರರೆಲ್ಲ ಒಪ್ಪಿ ಒಬ್ಬರ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಮೊದಲ ಕೆಲಸ. ಆಸ್ತಿ ಪಾಲಿನಲ್ಲಿ ಕಾರನ್ನು ಮರೆತು, ಆಮೇಲೆ ಅಣ್ಣತಮ್ಮಂದಿರು ಸಹಿಗಾಗಿ ಊರೂರು ಅಲೆಯುವುದು ಬೇಡ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ಪುರಾತನ ವಾಹನಗಳ ನಿಯಮವನ್ನು ಅನೇಕರು ಅರ್ಧ ಕೇಳಿ ಹಿಗ್ಗಿದ್ದಾರೆ. 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ, ಹತ್ತು ವರ್ಷದ ಅವಧಿ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಕೇಳಲು ಚೆನ್ನ. ಆದರೆ ಹಾಗೆ ನೋಂದಣಿಯಾದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂತಹ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನವೂ ಓಡಿಸುವ ಮನಸ್ಸಿರುವವರು ಈ ಗೌರವದ ಫಲಕಕ್ಕೆ ಆಸೆಪಡದೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಬೇಕು. ಜರ್ಮನಿಯಲ್ಲಿ 30 ವರ್ಷ ತುಂಬಿದ, ಸುಸ್ಥಿತಿಯ ಕಾರಿಗೆ 1997ರಿಂದಲೂ ಚಾರಿತ್ರಿಕ ವಾಹನದ ವಿಶೇಷ ಫಲಕ ಸಿಗುತ್ತದೆ, ಅದನ್ನು ಹಾಕಿಕೊಂಡು ಎಂದಿನಂತೆ ಓಡಿಸಲೂ ಬಹುದು. ನಮ್ಮ ನಿಯಮ ರೂಪಿಸಿದವರು ಕಾರನ್ನು ಓಡುವ ವಸ್ತುವೆಂದು ಬಗೆಯದೆ ನೋಡುವ ವಸ್ತುವೆಂದು ಬಗೆದಂತಿದೆ.

ದೆಹಲಿಯ ಸುದ್ದಿ ಓದಿ ಗಾಬರಿಯಾದವರೂ ಉಂಟು. 15 ವರ್ಷ ಮೀರಿದ ಪೆಟ್ರೋಲ್, 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ಆದೇಶಗಳು ಆ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದವು. ಕರ್ನಾಟಕದಲ್ಲಿ ವಯಸ್ಸೊಂದೇ ಕಾರಣಕ್ಕೆ ಖಾಸಗಿ ಕಾರನ್ನು ಹೊರಗಿಡುವ ನಿಯಮವಿಲ್ಲ. ಹೊಗೆ ತಪಾಸಣೆಯ ಪತ್ರ, ಮೂರನೆಯವರ ನಷ್ಟಕ್ಕೆ ಸಂಬಂಧಿಸಿದ ವಿಮೆ ಇವು ಮಾತ್ರ ತಪ್ಪದೆ ಇರಬೇಕು. ಹೊಗೆಯ ಮಾತು ಬಂದಿತು. ಹಳೆಯ ಕಾರು ಹೊಸದಕ್ಕಿಂತ ಹೆಚ್ಚು ಕೊಳೆ ಗಾಳಿ ಬಿಡುತ್ತದೆ, ಇದನ್ನು ಮುಚ್ಚಿಡಬಾರದು. ಕಾರ್ಬುರೇಟರನ್ನೂ ಪಾಯಿಂಟನ್ನೂ ಸರಿಯಾಗಿ ಟ್ಯೂನ್ ಮಾಡಿಸಿಟ್ಟರೆ ಹೊಗೆಯೂ ಇಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಪೆಟ್ರೋಲು ಬದಲಾಗಿದೆ

2000ನೆಯ ಇಸವಿಯ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಮಕ್ಕಳ ಆರೋಗ್ಯಕ್ಕೆ ಅದು ದೊಡ್ಡ ಉಪಕಾರ. ಹಳೆಯ ಎರಕದ ಕಬ್ಬಿಣದ ಹೆಡ್ಡುಗಳ ವಾಲ್ವ್ ಸೀಟುಗಳಿಗೆ ಮಾತ್ರ ಸೀಸವೇ ರಕ್ಷೆಯಾಗಿತ್ತು. ಹಾಗಾಗಿ ಹೆಡ್ಡು ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಸೀಟುಗಳನ್ನು ಕೂರಿಸಿಕೊಳ್ಳುವುದು ಜಾಣತನ. ಈಗಿನ ಸವಾಲು ಎಥನಾಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು, 2025ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲಾಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇದರಿಂದ ಲಾಭವಿದೆ, ಬೇಡವೆನ್ನಲಾಗದು. ಆದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಲೀಟರಿಗೆ ಸಿಗುವ ಕಿಲೋಮೀಟರಿನಲ್ಲಿ ಅದು ಕಾಣುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಪೆಟ್ರೋಲ್ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಕಾರ್ಬುರೇಟರಿನ ವಾಷರುಗಳನ್ನೂ ಎಥನಾಲನ್ನು ತಡೆಯುವ ಹೊಸ ರಬ್ಬರಿನವಾಗಿ ಬದಲಿಸಬೇಕು. ಬಿರಿದ ಕೊಳವೆ, ಬಿಸಿ ಎಂಜಿನ್ನು ಎರಡೂ ಸೇರಿದರೆ ಬೆಂಕಿ ಏಳಲು ಮೂರನೆಯದು ಬೇಕಿಲ್ಲ. ಇಲ್ಲಿಯೂ ನಿಂತ ಕಾರಿಗೇ ಹೆಚ್ಚು ಕಷ್ಟ. ದಿನವೂ ಓಡುವ ಕಾರಿನಲ್ಲಿ ಪೆಟ್ರೋಲು ವಾರದೊಳಗೆ ಮುಗಿದು ಹೊಸದು ಬೀಳುವುದರಿಂದ ನೀರು ಸೇರಿ ಟ್ಯಾಂಕು ತುಕ್ಕು ಹಿಡಿಯಲು ಅವಕಾಶ ಕಡಿಮೆ.

ಹಳೆಯ ಕಾರಿಗೆ ವಿದ್ಯುತ್ ಮೋಟಾರು ಜೋಡಿಸುವವರೂ ಈಗ ಇದ್ದಾರೆ. ಮಾನ್ಯತೆ ಪಡೆದ ಸಲಕರಣೆಯಾಗಿರಬೇಕು, ನೋಂದಣಿ ಪುಸ್ತಕದಲ್ಲಿ ತಿದ್ದುಪಡಿಯಾಗಬೇಕು, ಖರ್ಚು ಬಹಳ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಸದ್ಯಕ್ಕೆ ಅದು ದೂರದ ಮಾತು.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಇಂದಿಗೂ ಆಸರೆ. ಅಂಬಾಸಿಡರ್ 2014ರವರೆಗೂ ತಯಾರಾದದ್ದರಿಂದ ಅದರ ಸಾಮಾನು ಸುಲಭ. ಹೆರಾಲ್ಡಿನವರು ಗುಜರಿ ಅಂಗಡಿಗಳನ್ನು ಜಾಲಾಡಬೇಕು. ಊರಿನ ಮೇಸ್ತ್ರಿಗೆ ಕೆಲಸ ಕೊಡುವಾಗ ಮನೆಯ ಹುಡುಗನೊಬ್ಬ, ಹುಡುಗಿಯಾದರೂ ಸರಿ, ಪಕ್ಕದಲ್ಲಿ ನಿಂತು ಸ್ಪ್ಯಾನರ್ ಎತ್ತಿಕೊಡಲಿ. ಪ್ಲಗ್ ಬಿಚ್ಚಿ ಒರೆಸುವುದು, ಪಾಯಿಂಟಿನ ಅಂತರ ಸರಿಮಾಡುವುದು, ಫ್ಯಾನ್ ಬೆಲ್ಟ್ ಬದಲಿಸುವುದು ಇವು ಒಂದು ಬೇಸಿಗೆ ರಜೆಯಲ್ಲಿ ಕಲಿಯಬಹುದಾದ ವಿದ್ಯೆಗಳು. ಮುಂದಿನ ಚಕ್ರಗಳ ಕೀಲುಗಳಿಗೆ ಗ್ರೀಸ್ ತುಂಬುವುದನ್ನು ಅವರಿಗೇ ಒಪ್ಪಿಸಿರಿ. ಹೊಸ ಕಾರುಗಳಲ್ಲಿ ಆ ಕೆಲಸವೇ ಇಲ್ಲದ್ದರಿಂದ ಅದನ್ನು ಮಾಡಬೇಕೆಂಬ ನೆನಪೂ ಗ್ಯಾರೇಜುಗಳಲ್ಲಿ ಅಳಿಸಿಹೋಗುತ್ತಿದೆ.

ಇನ್ನು ನಿತ್ಯದ ಕ್ರಮ. ಬೆಳಗ್ಗೆ ಕೀಲಿ ತಿರುಗಿಸುವ ಮೊದಲು, ಎಂಜಿನ್ ತಣ್ಣಗಿರುವಾಗಲೇ, ರೇಡಿಯೇಟರಿನ ನೀರು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಈ ಮೂರನ್ನೂ ನೋಡಬೇಕು. ಕಾರಿನ ಕೆಳಗೆ ನೆಲದ ಮೇಲೆ ಹೊಸ ಕಲೆ ಬಿದ್ದಿದೆಯೇ ಎಂದು ಬಗ್ಗಿ ನೋಡಬೇಕು. ಚೋಕ್ ಎಳೆದು ಎಂಜಿನ್ ಎಬ್ಬಿಸಿ, ಒಂದೆರಡು ನಿಮಿಷ ಬಿಟ್ಟು, ಚೋಕ್ ಮರಳಿ ಒತ್ತಿ ಹೊರಡಬೇಕು. ನಮ್ಮ ಸೀಮೆಯ ಧೂಳಿಗೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗನೆ ಶುಚಿ ಮಾಡಿಸಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾರು ಇದ್ದಕ್ಕಿದ್ದಂತೆ ನಿಂತು ಮತ್ತೆ ಏಳದಿದ್ದರೆ ಬೆದರಬೇಕಾಗಿಲ್ಲ. ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ದಾರಿ ಕಟ್ಟಿರುತ್ತದೆ; ನೆರಳಿಗೆ ತಳ್ಳಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಲು ಗಂಟೆ ಕಾದರೆ ತಾನೇ ಏಳುತ್ತದೆ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಆತುರದಲ್ಲಿ ತೆಗೆಯಬಾರದು, ಮುಖ ಬೆಂದವರಿದ್ದಾರೆ. ಮಳೆಗಾಲದ ಬೆಳಗ್ಗೆ ಎಂಜಿನ್ ಹಟ ಹಿಡಿದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಫ್ಯಾನ್ ಬೆಲ್ಟು, ಒಂದು ಜೊತೆ ಪಾಯಿಂಟು, ಕಂಡೆನ್ಸರು, ಎರಡು ಪ್ಲಗ್ಗು, ಕೆಲವು ಫ್ಯೂಸು, ಹಗ್ಗ, ಟಾರ್ಚು ಇರಲಿ. ನೀರಿನ ಕ್ಯಾನು, ಬೆಲ್ಟು, ಹಗ್ಗಗಳನ್ನು ಬಿಟ್ಟು ಉಳಿದವೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಿಡಿಯುತ್ತವೆ.